ಬೋರ್ ಮಾಡಿಸಿದ ಇಂಜಿನ್‌ನಲ್ಲಿ ಕ್ರ್ಯಾಂಕ್ ಹಿಂದೆ ಮುಂದೆ ಆಡುತ್ತಿದೆಯೇ? ಬಿಚ್ಚುವ ಮೊದಲು ಅಳೆಯಿರಿ

ಕಳೆದ ಮಳೆಗಾಲದಲ್ಲಿ ಕಾಪುವಿನಿಂದ ಒಬ್ಬರು ಮೇಷ್ಟ್ರು ಫೋನ್ ಮಾಡಿದರು. ಅವರದು 2003ರ ಎಸ್ಟೀಮ್, ಅಪ್ಪ ಓಡಿಸುತ್ತಿದ್ದ ಕಾರು. ಒಂದು ಗ್ಯಾರೇಜಿನಲ್ಲಿ ಇಂಜಿನ್ ಬೋರ್ ಕೆಲಸ (ಇಡೀ ಇಂಜಿನ್ ಬಿಚ್ಚಿ, ಸವೆದದ್ದನ್ನು ಸರಿಮಾಡಿ ಮತ್ತೆ ಕಟ್ಟುವುದು) ಮಾಡಿಸಿ ಒಂದೂವರೆ ತಿಂಗಳಾಗಿತ್ತು. ಓಡಿದ್ದು ಬರೀ 700 ಕಿಲೋಮೀಟರ್.

"ಕ್ಲಚ್ ಒತ್ತಿದ್ರೆ ಎಂತದೋ ಟಕ್ ಅಂತ ಕೇಳ್ತದೆ ಮಾರಾಯ್ರೆ. ಬಾನೆಟ್ ತೆಗೆದು ನೋಡಿದ್ರೆ ಪುಲ್ಲಿಯೇ ಆಡ್ತಾ ಉಂಟು. ಇನ್ನು ಇಡೀ ಇಂಜಿನ್ ಬಿಚ್ಚಬೇಕಾ?"

"ಬಿಚ್ಚುವುದೂ ಬೇಡ ಮೇಷ್ಟ್ರೇ, ಓಡಿಸುವುದೂ ಬೇಡ. ಮೊದಲು ಅಳೆದು ನೋಡುವ" ಅಂದೆ.

ಉಡುಪಿಯ ನನ್ನ ಶೆಡ್ಡಿಗೆ ಇಂಥ ಇಂಜಿನ್‌ಗಳು ಆಗಾಗ ಬರುತ್ತವೆ. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾಡುವ ದಂಡವೇ ಕ್ರ್ಯಾಂಕ್. ಅದರ ಒಂದು ತುದಿಯಲ್ಲಿ ಬೆಲ್ಟ್ ಓಡುವ ಪುಲ್ಲಿ, ಇನ್ನೊಂದು ತುದಿಯಲ್ಲಿ ಕ್ಲಚ್ ಕೂರುವ ಭಾರದ ಚಕ್ರ, ಅಂದರೆ ಫ್ಲೈವೀಲ್. ಕೆಲವದರಲ್ಲಿ ಕ್ರ್ಯಾಂಕ್ ನಿಜವಾಗಿಯೂ ಹಾಳಾಗಿರುತ್ತದೆ. ಇನ್ನು ಕೆಲವದರಲ್ಲಿ ಏನೂ ಆಗಿರುವುದಿಲ್ಲ. ಯಾರೋ ಪುಲ್ಲಿ ಅಲುಗಾಡಿಸಿ "ಕ್ರ್ಯಾಂಕ್ ಹೋಯ್ತು" ಅಂದಿರುತ್ತಾರೆ, ಮಾಲೀಕರಿಗೆ ನಿದ್ದೆ ಹೋಗಿರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಒಂದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ), ಅರ್ಧ ಗಂಟೆಯ ಕೆಲಸ. ಅದನ್ನು ಹೇಗೆ ಮಾಡುವುದು, ಬಂದ ಅಳತೆಯನ್ನು ಹೇಗೆ ಓದುವುದು, ಆಮೇಲೆ ಏನು ಮಾಡುವುದು ಎಂದು ಇಲ್ಲಿ ಬರೆದಿದ್ದೇನೆ.

ಸ್ವಲ್ಪ ಆಡಲೇಬೇಕು

ಕ್ರ್ಯಾಂಕ್ ತಿರುಗುವುದರ ಜೊತೆಗೆ ತನ್ನ ಉದ್ದಕ್ಕೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ನಾವು ಇದನ್ನು ಎಂಡ್ ಪ್ಲೇ ಅನ್ನುತ್ತೇವೆ. ಇದು ದೋಷ ಅಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಮರದ ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಬಿಡದಿದ್ದರೆ ಮಳೆಗಾಲದ ಆಟಿ ತಿಂಗಳಲ್ಲಿ ಬಾಗಿಲು ಉಬ್ಬಿ ಹಿಡಿದುಕೊಳ್ಳುತ್ತದೆ, ಅಲ್ವಾ? ಇಲ್ಲಿಯೂ ಹಾಗೆಯೇ. ಇಂಜಿನ್ ಬಿಸಿಯಾದಾಗ ಲೋಹ ಹಿಗ್ಗಬೇಕು. ನಡುವೆ ಆಯಿಲ್ ಪದರ ನಿಲ್ಲಬೇಕು. ಅದಕ್ಕೆ ಜಾಗ ಬೇಕು.

ಈ ಜಾಗವನ್ನು ಕಾಯುವುದು ಥ್ರಸ್ಟ್ ವಾಷರ್. ಅರ್ಧಚಂದ್ರದ ಆಕಾರದ ತೆಳು ಬಿಲ್ಲೆ. ಕೆಲವು ಇಂಜಿನ್‌ಗಳಲ್ಲಿ ಬ್ಲಾಕ್ (ಇಂಜಿನ್‌ನ ಮುಖ್ಯ ಒಡಲು) ಕಡೆ ಎರಡು ಮಾತ್ರ ಇರುತ್ತವೆ, ಕೆಲವದರಲ್ಲಿ ಕ್ಯಾಪ್ (ಕ್ರ್ಯಾಂಕನ್ನು ಬ್ಲಾಕ್‌ಗೆ ಕೆಳಗಿನಿಂದ ಹಿಡಿದಿಡುವ ತುಂಡು) ಕಡೆಗೂ ಸೇರಿ ನಾಲ್ಕು. ಇನ್ನು ಕೆಲವದರಲ್ಲಿ ಮೈನ್ ಬೇರಿಂಗ್‌ಗೇ ಅಂಚು ಮಡಚಿ ಕೊಟ್ಟಿರುತ್ತಾರೆ. ಯಾವುದೇ ಆಗಲಿ, ಇರುವುದು ಒಂದೇ ಜರ್ನಲ್‌ನಲ್ಲಿ (ಕ್ರ್ಯಾಂಕ್ ಬೇರಿಂಗ್‌ನಲ್ಲಿ ಕೂತು ತಿರುಗುವ ಭಾಗ). ಎರಡು ಕಡೆ ಹಿಡಿದರೆ, ಬ್ಲಾಕ್ ಒಂದು ಲೆಕ್ಕದಲ್ಲಿ ಹಿಗ್ಗಿ ಕ್ರ್ಯಾಂಕ್ ಇನ್ನೊಂದು ಲೆಕ್ಕದಲ್ಲಿ ಹಿಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಎಸ್ಟೀಮ್‌ನ ಬ್ಲಾಕ್ ಅಲ್ಯೂಮಿನಿಯಂ, ಅದು ಕ್ರ್ಯಾಂಕ್‌ಗಿಂತ ಜಾಸ್ತಿ ಹಿಗ್ಗುತ್ತದೆ.

ಎಷ್ಟು ಆಡಬೇಕು? ಬಹಳಷ್ಟು ಕಾರುಗಳಲ್ಲಿ 0.05 ರಿಂದ 0.30 ಮಿ.ಮೀ. ಒಳಗೆ. ಎಸ್ಟೀಮ್‌ನ ಜಿ13 ಇಂಜಿನ್‌ಗೆ 0.11 ರಿಂದ 0.31 ಮಿ.ಮೀ., ತಡೆದುಕೊಳ್ಳಬಹುದಾದ ಕೊನೆಯ ಮಿತಿ 0.38. ಝೆರಾಕ್ಸ್ ಹಾಳೆ ಒಂದಕ್ಕೆ ಸುಮಾರು 0.1 ಮಿ.ಮೀ. ದಪ್ಪ. ಅಂದರೆ ಮೂರು ಹಾಳೆ ಒಟ್ಟಿಗೆ ಇಟ್ಟಷ್ಟು ಆಡಿದರೆ ಸರಿ, ನಾಲ್ಕು ಹಾಳೆ ದಾಟಿದರೆ ತಪ್ಪು. ಇದನ್ನು ಕಣ್ಣಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೂ ಆಗುವುದಿಲ್ಲ. ನಿಮ್ಮ ಕಾರಿನ ಅಂಕಿ ಅದರ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಅದೇ ಕೊನೆಯ ಮಾತು.

ಕ್ರ್ಯಾಂಕ್ ಅಂತ ಕಾಣುವ ಬೇರೆ ತೊಂದರೆಗಳು

ಮೊದಲು ಇವನ್ನು ಪಕ್ಕಕ್ಕೆ ಇಡಬೇಕು. ಎಲ್ಲಕ್ಕಿಂತ ಸಾಮಾನ್ಯ ತಪ್ಪು ಎಂದರೆ ಪುಲ್ಲಿಯನ್ನು ಬಾಡಿಗೆ ಹೋಲಿಸಿ ನೋಡುವುದು. ಇಂಜಿನ್ ಮೌಂಟ್ ರಬ್ಬರ್ ಸತ್ತಿದ್ದರೆ ಇಡೀ ಇಂಜಿನ್ನೇ ಅಲುಗುತ್ತದೆ, ಅದರ ಜೊತೆ ಪುಲ್ಲಿಯೂ ಅಲುಗುತ್ತದೆ. ನೋಡಬೇಕಾದ್ದು ಪುಲ್ಲಿ ಮತ್ತು ಟೈಮಿಂಗ್ ಕವರ್ ನಡುವಿನ ಸಂದನ್ನು. ಆ ಸಂದು ಬದಲಾಗದೆ ಎರಡೂ ಒಟ್ಟಿಗೆ ಹೋದರೆ ಮೌಂಟ್ ನೋಡಿ.

ಇಂಜಿನ್ ಓಡುವಾಗ ಪುಲ್ಲಿಯ ಅಂಚು ಪ್ರತಿ ಸುತ್ತಿಗೂ ತೊನೆಯುತ್ತಿದೆಯೇ? ಕ್ಲಚ್ ಒತ್ತಿದರೂ ಬಿಟ್ಟರೂ ಅದು ಹಾಗೇ ಇದೆಯೇ? ಹಾಗಿದ್ದರೆ ತೊಂದರೆ ಪುಲ್ಲಿಯದ್ದೇ. ಬೋಲ್ಟ್ ಸರಿಯಾದ ಟಾರ್ಕ್‌ಗೆ ಬಿಗಿಯಾಗಿಲ್ಲ, ಕೀ (ಪುಲ್ಲಿ ಜಾರದಂತೆ ಹಿಡಿಯುವ ಸಣ್ಣ ಉಕ್ಕಿನ ತುಂಡು) ಸರಿ ಕೂತಿಲ್ಲ, ಅಥವಾ ಡ್ಯಾಂಪರ್ ಪುಲ್ಲಿಯಾದರೆ ಒಳಗಿನ ರಬ್ಬರ್ ಬಿಟ್ಟುಕೊಂಡಿದೆ. ಹೊಸದಾಗಿ ಕೆಲಸ ಆದ ಇಂಜಿನ್‌ನಲ್ಲಿ ಬೋಲ್ಟ್ ಸಡಿಲ ಇರುವುದನ್ನು ನಾನು ಕಂಡಿದ್ದೇನೆ. ಅದನ್ನು ಹಾಗೇ ಓಡಿಸಿದರೆ ಕ್ರ್ಯಾಂಕ್ ತುದಿಯಲ್ಲಿ ಕೀ ಕೂರುವ ಸೀಳು ತಿಂದುಹೋಗುತ್ತದೆ.

ಕ್ಲಚ್ ಒತ್ತಿದಾಗ ಸರ್ರ್ ಅಂತ ಒಂದೇ ಸಮನೆ ಸದ್ದು ಬಂದರೆ ಅದು ರಿಲೀಸ್ ಬೇರಿಂಗ್. ಬಿಟ್ಟಾಗ ಸದ್ದು, ಒತ್ತಿದರೆ ಮಾಯ ಅಂತಾದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಬೇರಿಂಗ್ ಮೇಲೆ ಸಂಶಯ ಪಡಿ.

ಎಂಡ್ ಪ್ಲೇ ಜಾಸ್ತಿಯಾದಾಗ ಬರುವುದು ಸರ್ರ್ ಸದ್ದಲ್ಲ. ಕ್ಲಚ್ ಒತ್ತಿದ ಕ್ಷಣ ಒಂದು ಟಕ್. ಬಿಟ್ಟಾಗ ಕೆಲವೊಮ್ಮೆ ಇನ್ನೊಂದು. ಸ್ಲೋ ರನ್ನಿಂಗ್‌ನಲ್ಲಿ ಕ್ಲಚ್ ಒತ್ತಿದರೆ ಇಂಜಿನ್ ಸ್ವಲ್ಪ ತಗ್ಗಿದಂತೆ ಆಗಬಹುದು. ತಿರುವಿನಲ್ಲಿ ಪೆಡಲ್‌ನ ಫ್ರೀ ಪ್ಲೇ (ಕ್ಲಚ್‌ಗೆ ಒತ್ತು ಬೀಳುವ ಮೊದಲು ಪೆಡಲ್ ಖಾಲಿ ಹೋಗುವ ದೂರ) ಬದಲಾದಂತೆ ಅನ್ನಿಸಬಹುದು. ಹಿಂದಿನ ಆಯಿಲ್ ಸೀಲ್ ಹೊಸದಾಗಿದ್ದರೂ ಸೋರಬಹುದು.

ಅಳೆಯುವ ಕ್ರಮ

ಬೇಕಾದ್ದು: 0.01 ಮಿ.ಮೀ. ಗೆರೆಗಳಿರುವ ಡಯಲ್ ಗೇಜ್, ಮ್ಯಾಗ್ನೆಟ್ ಸ್ಟ್ಯಾಂಡ್, ಒಂದು ಲಿವರ್, ಮರದ ತುಂಡು, ಜೊತೆಗೊಬ್ಬರು. ಡಯಲ್ ಗೇಜ್ ಇಲ್ಲದಿದ್ದರೆ ಪರಿಚಯದ ಲೇತ್ ಅಂಗಡಿಯಲ್ಲಿ ಕೇಳಿ, ಬೈಕಂಪಾಡಿ ಮಣಿಪಾಲದ ಕಡೆ ಸಿಗುವುದು ಕಷ್ಟವಲ್ಲ.

1. ಇಂಜಿನ್ ತಣ್ಣಗಿರಲಿ. ಸಮತಟ್ಟು ನೆಲ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪುಲ್ಲಿ ಹತ್ತಿರ ಕೈ ಇರುವಾಗ ಯಾರಾದರೂ ಸೆಲ್ಫ್ ಹೊಡೆದರೆ ಬೆರಳು ಹೋಗುತ್ತದೆ.

2. ಪುಲ್ಲಿ ಇರುವ ಕಡೆಯ ಮುಂದಿನ ಚಕ್ರ ತೆಗೆದು, ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜ್ಯಾಕ್ ಒಂದನ್ನೇ ನಂಬಬೇಡಿ. ಒಳಗಿನ ಪ್ಲಾಸ್ಟಿಕ್ ಮರೆ ತೆಗೆದರೆ ಪುಲ್ಲಿ ಎದುರೇ ಕಾಣುತ್ತದೆ. ಬೆಲ್ಟ್‌ಗಳನ್ನು ತೆಗೆದಿಡಿ, ಅವುಗಳ ಎಳೆತ ಅಳತೆಯನ್ನು ಕೆಡಿಸುತ್ತದೆ.

3. ಗೇಜ್‌ನ ಮ್ಯಾಗ್ನೆಟ್ ಸ್ಟ್ಯಾಂಡ್ ಬ್ಲಾಕ್ ಮೇಲೆಯೇ ನಿಲ್ಲಬೇಕು. ಚಾಸಿಸ್ ಮೇಲೆ ನಿಲ್ಲಿಸಿದರೆ ಮೌಂಟ್ ಅಲುಗಿದ್ದೂ ಲೆಕ್ಕಕ್ಕೆ ಬರುತ್ತದೆ. ಬ್ಲಾಕ್ ಅಲ್ಯೂಮಿನಿಯಂ ಆದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದಕ್ಕೆ ನಾನು ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಬ್ಲಾಕ್‌ನ ಖಾಲಿ ಬೋಲ್ಟ್ ತೂತಿಗೆ ಬಿಗಿದು, ಅದರ ಮೇಲೆ ಮ್ಯಾಗ್ನೆಟ್ ಇಡುತ್ತೇನೆ.

4. ಗೇಜ್‌ನ ಕಡ್ಡಿ ಕ್ರ್ಯಾಂಕ್ ಬೋಲ್ಟ್‌ನ ತಲೆಯ ಚಪ್ಪಟೆ ಭಾಗಕ್ಕೆ ತಾಗಲಿ. ಪುಲ್ಲಿಯ ಅಂಚಿಗೆ ಬೇಡ. ಕಡ್ಡಿ ಕ್ರ್ಯಾಂಕ್‌ನ ಉದ್ದಕ್ಕೆ ನೇರವಾಗಿರಲಿ, ಓರೆಯಾದರೆ ಅಳತೆ ಸುಳ್ಳಾಗುತ್ತದೆ. ಒಂದೆರಡು ಮಿ.ಮೀ. ಒಳಗೆ ಒತ್ತಿ ನಿಲ್ಲಿಸಿ.

5. ಲಿವರ್‌ನಿಂದ ಕ್ರ್ಯಾಂಕನ್ನು ಪೂರ್ತಿ ಫ್ಲೈವೀಲ್ ಕಡೆಗೆ ಸರಿಸಿ, ಮುಳ್ಳನ್ನು ಸೊನ್ನೆಗೆ ತನ್ನಿ. ಆಮೇಲೆ ಪುಲ್ಲಿ ಕಡೆಗೆ ಸರಿಸಿ, ಓದಿ. ಗೇರ್‌ಬಾಕ್ಸ್‌ನ ಕೆಳಗಿನ ತಗಡು ತೆಗೆದರೆ ಫ್ಲೈವೀಲ್‌ಗೆ ಲಿವರ್ ಕೊಡಲು ಜಾಗ ಸಿಗುತ್ತದೆ. ಬ್ಲಾಕ್‌ಗೆ ಬರೀ ಕಬ್ಬಿಣ ಒತ್ತಬೇಡಿ, ನಡುವೆ ಮರದ ತುಂಡು ಇರಲಿ. ಪುಲ್ಲಿಯ ತಗಡಿನ ಅಂಚಿಗೆ ಲಿವರ್ ಕೊಟ್ಟರೆ ಅದೇ ಬಗ್ಗುತ್ತದೆ.

6. ಮೂರು ಸಲ ಮಾಡಿ. ಮೂರೂ ಒಂದೇ ಬಂದರೆ ಬರೆದುಕೊಳ್ಳಿ. ಆಮೇಲೆ ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಹೀಗೆ ನಾಲ್ಕು ಕಡೆ. ನಾಲ್ಕು ಅಂಕಿಗಳ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಕ್ರ್ಯಾಂಕ್‌ನ ಥ್ರಸ್ಟ್ ಮುಖ (ವಾಷರ್‌ಗೆ ತಾಗುವ ಪಕ್ಕದ ಮುಖ) ನೇರವಾಗಿಲ್ಲ ಎಂದರ್ಥ.

7. ಕೊನೆಗೆ ಜೊತೆಗಾರರಿಗೆ ಕ್ಲಚ್ ನಿಧಾನಕ್ಕೆ ಒತ್ತಲು ಹೇಳಿ, ಮುಳ್ಳು ನೋಡಿ. ಇದು ಸದ್ದು ಎಲ್ಲಿಂದ ಬರುತ್ತದೆ ಎಂದು ಗೊತ್ತುಮಾಡಲು ಮಾತ್ರ. ಪೆಡಲ್ ಕ್ರ್ಯಾಂಕನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ, ವಾಪಸ್ ತರುವುದಿಲ್ಲ. ಹಾಗಾಗಿ ಲಿವರ್‌ನ ಅಳತೆಯೇ ಅಳತೆ.

ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಹೇಗೂ ಇಳಿಸಿದ್ದೀರಿ ಎಂದಾದರೆ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಕಟ್ಟು) ಸಾಕು. ಕ್ರ್ಯಾಂಕನ್ನು ಒಂದು ಕಡೆಗೆ ಪೂರ್ತಿ ಒತ್ತಿ, ಇನ್ನೊಂದು ಕಡೆಯ ಥ್ರಸ್ಟ್ ಮುಖ ಮತ್ತು ಕ್ರ್ಯಾಂಕ್ ನಡುವೆ ಎಲೆ ತೂರಿಸಿ ನೋಡಿ.

ಅಂಕಿ ಬಂತು, ಈಗ?

ಹೊಸ ಅಳತೆಯೊಳಗೆ (ಎಸ್ಟೀಮ್‌ಗೆ 0.11 ರಿಂದ 0.31) ಇದ್ದರೆ ಇಂಜಿನ್ ಬಿಚ್ಚಬೇಡಿ. ಸದ್ದಿನ ಕಾರಣ ಬೇರೆ ಕಡೆ ಇದೆ. ಅದಕ್ಕಿಂತ ಜಾಸ್ತಿ, ಕೊನೆಯ ಮಿತಿಗಿಂತ ಕಡಿಮೆ ಇದ್ದರೆ? ಹಳೆ ಇಂಜಿನ್ ಆದರೆ ಓಡಿಸಬಹುದು. ಆದರೆ ನಿನ್ನೆ ಮೊನ್ನೆ ಕಟ್ಟಿದ ಇಂಜಿನ್‌ನಲ್ಲಿ ಆ ಅಂಕಿ ನನಗೆ ಒಪ್ಪಿಗೆಯಲ್ಲ. 500 ಕಿಲೋಮೀಟರ್ ಬಿಟ್ಟು ಮತ್ತೆ ಅಳೆಯಿರಿ. ಏರಿದ್ದರೆ ಒಳಗೆ ಸವೆತ ನಡೆಯುತ್ತಿದೆ.

ಮಿತಿ ದಾಟಿದ್ದರೆ ಕಾರು ಅಲ್ಲೇ ನಿಲ್ಲಲಿ. ಟೋ ಮಾಡಿಸಿ ತನ್ನಿ. ವಾಷರ್ ಪೂರ್ತಿ ಸವೆದು ಚೇಂಬರ್‌ಗೆ ಬಿದ್ದರೆ ಆಮೇಲೆ ಕ್ರ್ಯಾಂಕ್ ನೇರ ಬ್ಲಾಕನ್ನು ತಿನ್ನುತ್ತದೆ. ವಾಷರ್ ಜೋಡಿಗೆ ಹೋಗುವ ದುಡ್ಡು ಎಲ್ಲಿ, ಬ್ಲಾಕ್‌ಗೆ ಹೋಗುವ ದುಡ್ಡು ಎಲ್ಲಿ!

ತೀರಾ ಕಡಿಮೆ ಬಂದರೂ ಸಂತೋಷ ಪಡಬೇಡಿ. "ಎಷ್ಟು ಟೈಟ್ ಉಂಟು ನೋಡಿ" ಅಂತ ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಸಂದೇ ಇಲ್ಲದಿದ್ದರೆ ಆಯಿಲ್ ನಿಲ್ಲುವುದಿಲ್ಲ, ಬಿಸಿಯಾಗಿ ಮುಖ ಸುಟ್ಟುಹೋಗುತ್ತದೆ. ಆಗ ಎಂಡ್ ಪ್ಲೇ ಸೊನ್ನೆಯಿಂದ ಒಮ್ಮೆಲೇ ಮಿತಿ ದಾಟುತ್ತದೆ.

ಇದರ ಜೊತೆ ಆಯಿಲ್ ಇಳಿಸಿ ನೋಡಿ, ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ. ಮಿನುಗುವ ಪುಡಿ ಇದ್ದರೆ ಮ್ಯಾಗ್ನೆಟ್ ಹಿಡಿಯಿರಿ. ಬೇರಿಂಗ್‌ನ ಮೇಲ್ಪದರದ ಮೆತ್ತಗಿನ ಲೋಹ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅಂಟುವ ಪುಡಿ ಜಾಸ್ತಿ ಇದ್ದರೆ ಸವೆತ ಬೇರಿಂಗ್‌ನ ಉಕ್ಕಿನ ಬೆನ್ನಿಗೋ ಕ್ರ್ಯಾಂಕ್‌ಗೋ ತಲುಪಿರಬಹುದು.

ಮೇಷ್ಟ್ರ ಎಸ್ಟೀಮ್‌ನಲ್ಲಿ ಬಂದದ್ದು 0.55. ನಾಲ್ಕು ಕಡೆಯೂ ಹೆಚ್ಚುಕಡಿಮೆ ಅದೇ. ಮ್ಯಾಗ್ನೆಟ್‌ಗೆ ಕಪ್ಪು ಪುಡಿ ಅಂಟಿತು.

ಹೊಸ ಕೆಲಸದಲ್ಲಿ ಯಾಕೆ ಹೀಗಾಗುತ್ತದೆ

ಚೇಂಬರ್ ಇಳಿಸಿ, ಥ್ರಸ್ಟ್ ವಾಷರ್ ಇರುವ ಜರ್ನಲ್‌ನ ಕ್ಯಾಪ್ ಬಿಚ್ಚಿದಾಗಲೇ ಕಾರಣ ಸಿಕ್ಕಿತು. ವಾಷರ್ ತಿರುವಿಹಾಕಿದ್ದರು. ಥ್ರಸ್ಟ್ ವಾಷರ್‌ನ ಒಂದು ಮುಖದಲ್ಲಿ ಆಯಿಲ್ ಹೋಗಲು ಗೀರು ಇರುತ್ತದೆ. ಆ ಗೀರಿನ ಮುಖ ಕ್ರ್ಯಾಂಕ್ ಕಡೆಗೇ ಇರಬೇಕು. ಇಲ್ಲಿ ಅದು ಬ್ಲಾಕ್ ಕಡೆಗಿತ್ತು. ಉಕ್ಕಿನ ಬೆನ್ನು ಕ್ರ್ಯಾಂಕ್‌ಗೆ ಉಜ್ಜುತ್ತಿತ್ತು, ಆಯಿಲ್ ಸಿಗದೆ. ಎರಡು ಸೆಕೆಂಡಿನ ಗಮನ ತಪ್ಪಿದ್ದಕ್ಕೆ ಮತ್ತೊಮ್ಮೆ ಇಂಜಿನ್ ಇಳಿಸುವ ಕೆಲಸ. ನನಗೆ ನಿಜಕ್ಕೂ ಬೇಸರವಾಯಿತು. ಯಾಕೆಂದರೆ ಉಳಿದ ಕೆಲಸ ಚೆನ್ನಾಗಿಯೇ ಮಾಡಿದ್ದರು.

ವಾಷರ್‌ನಲ್ಲಿ ಸವೆತ ಯಾವ ಕಡೆ ಎಂದು ನೋಡಿದರೆ ಕಥೆ ಗೊತ್ತಾಗುತ್ತದೆ. ಕ್ಲಚ್ ಒತ್ತಿದಾಗ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟ್‌ನ ಬೆರಳುಗಳನ್ನು ಫ್ಲೈವೀಲ್ ಕಡೆಗೆ ತಳ್ಳುತ್ತದೆ. ಇಡೀ ಕ್ರ್ಯಾಂಕ್ ಪುಲ್ಲಿ ಕಡೆಗೆ ಸರಿಯುತ್ತದೆ. ಭಾರ ಬೀಳುವುದು ಫ್ಲೈವೀಲ್ ಕಡೆಗಿನ ವಾಷರ್ ಮೇಲೆ. ಅದೊಂದೇ ಸವೆದು ಇನ್ನೊಂದು ಹೊಸದರಂತೆ ಇದ್ದರೆ ಕ್ಲಚ್ ಕಡೆ ನೋಡಿ. ಕೇಬಲ್ ಜಾಸ್ತಿ ಬಿಗಿದು ಫ್ರೀ ಪ್ಲೇ ಇಲ್ಲದಂತೆ ಮಾಡಿದ್ದರೆ ರಿಲೀಸ್ ಬೇರಿಂಗ್ ಇಡೀ ದಿನ ಒತ್ತುತ್ತಲೇ ಇರುತ್ತದೆ. ಓಡಿಸುವ ರೀತಿಯೂ ಕಾರಣ. ಕೂಳೂರು ಸೇತುವೆಯ ಸಾಲಿನಲ್ಲಿ, ಪಂಪ್‌ವೆಲ್‌ನಲ್ಲಿ, ಶಿರಾಡಿ ಘಾಟಿಯ ಲಾರಿಗಳ ಹಿಂದೆ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ನಿಲ್ಲುವವರು ಎಷ್ಟೋ ಮಂದಿ. ಅಷ್ಟು ಹೊತ್ತೂ ಆ ಒಂದು ಸಣ್ಣ ಬಿಲ್ಲೆ ಭಾರ ಹೊರುತ್ತಿರುತ್ತದೆ. ಆಟೋಮ್ಯಾಟಿಕ್ ಕಾರಾದರೆ ಟಾರ್ಕ್ ಕನ್ವರ್ಟರ್ ಪೂರ್ತಿ ಒಳಗೆ ಕೂರುವ ಮೊದಲೇ ಗೇರ್‌ಬಾಕ್ಸ್ ಬಿಗಿದಿದ್ದಾರೆಯೇ ನೋಡಿ. ಅದೂ ಕ್ರ್ಯಾಂಕನ್ನು ಮುಂದಕ್ಕೆ ಒತ್ತುತ್ತದೆ.

ಎರಡೂ ಕಡೆ ಸಮ ಸವೆದಿದ್ದರೆ ಆಯಿಲ್ ಬಂದಿಲ್ಲ, ಅಥವಾ ಕೊಳೆ ಸೇರಿದೆ. ಅರ್ಧ ಭಾಗ ಸವೆದು ಅರ್ಧ ಹಾಗೇ ಇದ್ದರೆ ಕ್ಯಾಪ್ ಮತ್ತು ಬ್ಲಾಕ್ ಒಂದೇ ಸಾಲಿನಲ್ಲಿ ಕೂತಿಲ್ಲ. ಕ್ಯಾಪ್ ಕಡೆಯ ವಾಷರ್‌ಗೆ ತಿರುಗದಂತೆ ತಡೆಯುವ ಕಿವಿ ಇರುತ್ತದೆ. ಕಿವಿ ಇಲ್ಲದ್ದನ್ನು ಅಲ್ಲಿ ಹಾಕಿದರೆ ವಾಷರ್ ಸುತ್ತಿ ಜಾರಿ ಬೀಳುತ್ತದೆ.

ಇನ್ನೊಂದು ಕಾರಣ ಗ್ರೈಂಡಿಂಗ್‌ನಲ್ಲಿ ಇರುತ್ತದೆ. ಜರ್ನಲ್ ಗ್ರೈಂಡ್ ಮಾಡುವಾಗ ಕಲ್ಲು ಪಕ್ಕದ ಮುಖಕ್ಕೆ ತಾಗಿದರೆ ಆ ಮುಖ ಒರಟಾಗುತ್ತದೆ, ಜರ್ನಲ್‌ನ ಅಗಲವೂ ಹೆಚ್ಚುತ್ತದೆ. ಕ್ರ್ಯಾಂಕ್ ವಾಪಸ್ ಬಂದಾಗ ಎಲ್ಲರೂ ಜರ್ನಲ್‌ನ ದಪ್ಪ ಅಳೆಯುತ್ತಾರೆ, ಅಗಲ ಅಳೆಯುವವರು ಕಡಿಮೆ. ನಮ್ಮೂರಿನ ಇನ್ನೊಂದು ಸಂಗತಿ: ಮಳೆಗಾಲದಲ್ಲಿ ಗ್ರೈಂಡ್ ಆದ ಕ್ರ್ಯಾಂಕನ್ನು ಬರೀ ಮೈಯಲ್ಲಿ ಎರಡು ದಿನ ಇಟ್ಟರೆ ತುಕ್ಕು ಹಿಡಿಯುತ್ತದೆ. ಕಡಲ ಗಾಳಿಗೆ ಇನ್ನೂ ಬೇಗ. ಆಯಿಲ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಡಿ.

ಸರಿಪಡಿಸುವುದು

ಕ್ರ್ಯಾಂಕ್‌ನ ಮುಖವನ್ನು ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕದಿದ್ದರೆ, ಹೊಳಪು ಇದ್ದರೆ ವಾಷರ್ ಬದಲಿಸಿದರೆ ಸಾಕು. ಕೆಲವು ಇಂಜಿನ್‌ಗಳಲ್ಲಿ ಕ್ಯಾಪ್ ತೆಗೆದು ಮೇಲಿನ ವಾಷರನ್ನು ಸುತ್ತಿಸಿಯೇ ಹೊರತೆಗೆಯಬಹುದು, ಕ್ರ್ಯಾಂಕ್ ಇಳಿಸಬೇಕಿಲ್ಲ. ಉಗುರು ಸಿಕ್ಕಿದರೆ ಕ್ರ್ಯಾಂಕ್ ಹೊರಗೆ ಬರಲೇಬೇಕು. ಒರಟು ಮುಖಕ್ಕೆ ಹೊಸ ವಾಷರ್ ಕೊಟ್ಟರೆ ಅದನ್ನೂ ತಿನ್ನುತ್ತದೆ.

ಲೆಕ್ಕ ಸುಲಭ. ಉದಾಹರಣೆಗೆ ಕ್ರ್ಯಾಂಕ್‌ನ ಎರಡು ಮುಖಗಳ ನಡುವೆ 25.20 ಮಿ.ಮೀ. ಇದೆ ಅಂದುಕೊಳ್ಳಿ. ಬ್ಲಾಕ್‌ನ ಆ ಭಾಗದ ದಪ್ಪ 20.00. ವಾಷರ್ ಎರಡು ಸೇರಿ 5.00. ಉಳಿದ 0.20 ನಿಮ್ಮ ಎಂಡ್ ಪ್ಲೇ. ಇದನ್ನು ಜೋಡಿಸುವ ಮೊದಲೇ ಮೈಕ್ರೋಮೀಟರ್‌ನಿಂದ ಅಳೆದರೆ ಆಮೇಲೆ ಆಶ್ಚರ್ಯ ಇರುವುದಿಲ್ಲ.

ಮೇಷ್ಟ್ರ ಕ್ರ್ಯಾಂಕ್‌ನ ಮುಖಕ್ಕೆ ಲೇತ್‌ನಲ್ಲಿ ಪಾಲಿಶ್ ಕೊಡಿಸಿದೆವು. ಹೊಸ ಸ್ಟ್ಯಾಂಡರ್ಡ್ ವಾಷರ್ ಹಾಕಿ ಅಳೆದರೆ 0.40 ಬಂತು, ಮಿತಿಗಿಂತ ಜಾಸ್ತಿ. ಈ ಇಂಜಿನ್‌ನ ಸ್ಟ್ಯಾಂಡರ್ಡ್ ವಾಷರ್ 2.500 ಮಿ.ಮೀ. ದಪ್ಪ. ಓವರ್‌ಸೈಜ್ 2.563. ಅದನ್ನು 0.125 ಓವರ್‌ಸೈಜ್ ಎಂದು ಕರೆಯುತ್ತಾರೆ, ಅಂದರೆ ಜೋಡಿಯ ಲೆಕ್ಕ. ಒಂದೊಂದು 0.063 ದಪ್ಪ, ಎರಡು ಸೇರಿದರೆ ಸುಮಾರು 0.125. ಇದು ಗೊತ್ತಿಲ್ಲದೆ ಒಂದೊಂದೂ 0.125 ದಪ್ಪ ಎಂದು ಲೆಕ್ಕ ಹಾಕಿ ತಪ್ಪುವವರಿದ್ದಾರೆ. ಓವರ್‌ಸೈಜ್ ಜೋಡಿ ಹಾಕಿದ ಮೇಲೆ ಬಂದದ್ದು 0.27.

ಓವರ್‌ಸೈಜ್‌ಗೂ ನಿಲ್ಲದಷ್ಟು ಮುಖ ಸವೆದಿದ್ದರೆ ನಾನು ಬೇರೆ ಕ್ರ್ಯಾಂಕ್ ಹುಡುಕಲು ಹೇಳುತ್ತೇನೆ. ವೆಲ್ಡಿಂಗ್ ತುಂಬಿಸಿ ಮುಖ ಕಟ್ಟುವವರು ಇದ್ದಾರೆ. ಆದರೆ ಬಿಸಿಗೆ ಕ್ರ್ಯಾಂಕ್ ಬಗ್ಗುವ ಭಯ ನನಗೆ ಹೋಗಿಲ್ಲ. ವಾಷರ್ ಕೆಳಗೆ ತಗಡು ಕೊಡುವುದಂತೂ ಬೇಡವೇ ಬೇಡ.

ಜೋಡಿಸುವಾಗ ಒಂದು ಹೆಜ್ಜೆ ಬಿಡಬೇಡಿ

ವಾಷರ್ ಕೂರುವ ಜಾಗ ಒರೆಸಿ, ಬೆನ್ನಿನ ಕಡೆ ಒಂದು ಕಣವೂ ಇರದಂತೆ ನೋಡಿ. ಗೀರಿನ ಮುಖಕ್ಕೆ ಅಸೆಂಬ್ಲಿ ಲ್ಯೂಬ್ ಅಥವಾ ಇಂಜಿನ್ ಆಯಿಲ್ ಧಾರಾಳ ಹಚ್ಚಿ. ನಾಲ್ಕು ವಾಷರ್ ಅಥವಾ ಅಂಚಿನ ಬೇರಿಂಗ್ ಇರುವ ಇಂಜಿನ್ ಆದರೆ ಥ್ರಸ್ಟ್ ಇರುವ ಕ್ಯಾಪನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಉಳಿದವನ್ನು ಮ್ಯಾನ್ಯುವಲ್ ಹೇಳಿದ ಕ್ರಮದಲ್ಲಿ ಟಾರ್ಕ್ ಮಾಡಿ. ಆಮೇಲೆ ಕ್ರ್ಯಾಂಕನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಲಿವರ್‌ನಿಂದ ಸರಿಸಿ. ಮುಂದಕ್ಕೆ ಹಿಡಿದುಕೊಂಡೇ ಆ ಕ್ಯಾಪ್ ಬಿಗಿಯಿರಿ. ಮೇಲಿನ ಅರ್ಧ ಕೆಳಗಿನ ಅರ್ಧ ಒಂದೇ ಸಾಲಿಗೆ ಬರುವುದು ಹೀಗೆ. ಪ್ರತಿ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿ. ಯಾವ ಕ್ಯಾಪ್‌ಗೆ ಹಿಡಿಯಿತೋ ಅಲ್ಲೇ ತೊಂದರೆ.

ಪಿಸ್ಟನ್ ಹಾಕುವ ಮೊದಲು ಒಮ್ಮೆ ಅಳೆಯಿರಿ. ಗೇರ್‌ಬಾಕ್ಸ್ ಕೂಡಿಸುವ ಮೊದಲು ಮತ್ತೊಮ್ಮೆ.

ಕೇಬಲ್ ಕ್ಲಚ್ ಆದರೆ ಪೆಡಲ್‌ನಲ್ಲಿ ಸಾಮಾನ್ಯವಾಗಿ 15 ರಿಂದ 20 ಮಿ.ಮೀ. ಫ್ರೀ ಪ್ಲೇ ಬಿಡಿ. ಮೊದಲ ಸ್ಟಾರ್ಟ್‌ಗೆ ಮುಂಚೆ ಪ್ಲಗ್ ತೆಗೆದು, ಇಂಧನ ಮತ್ತು ಇಗ್ನಿಷನ್ ನಿಲ್ಲಿಸಿ, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಮಾಡುವಾಗ ನ್ಯೂಟ್ರಲ್‌ನಲ್ಲಿಡಿ, ಕ್ಲಚ್ ಒತ್ತಬೇಡಿ. ಆಯಿಲ್ ಇನ್ನೂ ತಲುಪದ ಹೊತ್ತಿನಲ್ಲಿ ಕ್ಲಚ್ ಒತ್ತಿದರೆ ಪೂರ್ತಿ ಭಾರ ಒಣ ವಾಷರ್ ಮೇಲೆ ಬೀಳುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹೊಸ ಕಾರುಗಳಲ್ಲಿ ಸ್ಟಾರ್ಟ್ ಆದ ಕೂಡಲೇ ಕಾಲು ತೆಗೆಯಿರಿ.

ಮೇಷ್ಟ್ರ ಕಾರಿನ ಅಂಕಿಯನ್ನು ತಾರೀಖು ಮತ್ತು ಕಿಲೋಮೀಟರ್ ಸಹಿತ ಬರೆದು, ಬಾನೆಟ್‌ನ ಒಳಗೆ ಅಂಟಿಸಿ ಕೊಟ್ಟೆ. 1,000 ಕಿಲೋಮೀಟರ್ ಓಡಿಸಿ ಆಯಿಲ್ ಬದಲಿಸಲು ಬಂದಾಗ ಮತ್ತೆ ಚಕ್ರ ತೆಗೆದು ಗೇಜ್ ಇಟ್ಟೆವು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಳ್ಳನ್ನು ತಾವೇ ಓದಿದರು. 0.27. ಆ ಚೀಟಿಯ ಕೆಳಗೆ ಎರಡನೇ ಸಾಲನ್ನು ಅವರ ಕೈಯಿಂದಲೇ ಬರೆಸಿದೆ.